ಲಿಲ್ಲಿ ಬಾಯಿಗೆ ಹೇಳಿದ ಸಿನೆಮಾ

ಕಳೆದ ವಾರ, ಹೊಲಿಯಲು ಕೊಟ್ಟಿದ್ದ ರವಿಕೆ ತರಲು ದೋಹಾದ ಐನ್ ಖಾಲಿದ್‌ಗೆ ಹೋಗಿದ್ದೆ. ಟೈಲರ್ ಅಂಗಡಿ ಇರುವುದು ನಾವು ಮೊದಲಿದ್ದ ಮನೆಯ ಹಿಂದಿನ ಬೀದಿಯಲ್ಲಿ. ಹೇಗೂ ಬಂದಾಗಿದೆ ಎಂದು ಆ ಗೇಟಿನವರೆಗೆ ನಡೆದೆ. ಒಂದು ದೊಡ್ಡ ವಿಲ್ಲಾಕ್ಕೆ ಒಳಗೊಳಗೇ ಗೋಡೆ ಎಬ್ಬಿಸಿ ಐದು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಹಿಂಬದಿಯ ಎರಡು ಕೋಣೆ ನಮ್ಮದಾಗಿತ್ತು. ಈಗ ಬಾಗಿಲ ಮುಂದೆ ಯಾರದೋ ಸೈಕಲ್ ಬಿದ್ದಿತ್ತು, ಕಿಟಕಿಗೆ ಬೇರೆ ಪರದೆ ಬಂದಿತ್ತು. ಟೆರೇಸಿನ ಮೇಲೆ ನಮ್ಮ ಡಿಶ್ ಮಾತ್ರ ತುಕ್ಕು ಹಿಡಿದು ಹಾಗೇ ನಿಂತಿತ್ತು. ಒಳಗೆ ಯಾರೋ ಎಳ್ಳು ಹುರಿಯುತ್ತಿದ್ದರು. ಆ ಡಿಶ್ಶನ್ನೂ ಆ ವಾಸನೆಯನ್ನೂ ಒಟ್ಟಿಗೆ ತಾಳಿಕೊಳ್ಳುವ ಶಕ್ತಿ ನನಗಿರಲಿಲ್ಲ. ರವಿಕೆಯ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ.

ನಾಲ್ಕು ವರ್ಷದ ಹಿಂದಿನ ಡಿಸೆಂಬರ್ ಅದು. ಮಗಳು ಆ ವರ್ಷವೇ ಊರಿನಲ್ಲಿ ಕಾಲೇಜಿಗೆ ಸೇರಿದ್ದಳು, ಮನೆ ಬಿಕೋ ಎನ್ನುತ್ತಿತ್ತು. ದೋಹಾದಲ್ಲಿ ಡಿಸೆಂಬರ್ ಬಂತೆಂದರೆ ಏಳೆಂಟು ತಿಂಗಳು ಗೊರಗುಟ್ಟಿದ ಏಸಿ ಬಾಯಿ ಮುಚ್ಚುತ್ತದೆ. ಕಿಟಕಿ ತೆರೆಯಬಹುದು. ತೆರೆದರೆ ತಂಗಾಳಿಯ ಜೊತೆ ಪುಡಿ ಮಣ್ಣೂ ಬರುತ್ತದೆ, ಒರೆಸಿದ ಟೇಬಲನ್ನು ಮತ್ತೆ ಒರೆಸಬೇಕು. ರಾಷ್ಟ್ರೀಯ ದಿನಕ್ಕೆಂದು ಬೀದಿಯ ಕಂಬಗಳಿಗೆಲ್ಲ ಬಾವುಟ ಕಟ್ಟಿದ್ದರು. ಒಂದು ದಿನ ಮಳೆಯೂ ಬಂತು. ಅರ್ಧ ಗಂಟೆಯ ಮಳೆಗೆ ನಮ್ಮ ಬೀದಿಯಲ್ಲಿ ಎರಡು ದಿನ ನೀರು ನಿಂತಿತ್ತು.

ಆ ತಿಂಗಳ ಪ್ರತಿ ಶುಕ್ರವಾರ ವಿನ್ಸೆಂಟ್ ಪೊರ್ಬುಗಳು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎಂದೂ ಅವರ ಹೆಂಗಸರನ್ನು ಬಾಯಿ ಎಂದೂ ಕರೆಯುವುದು ರೂಢಿ. ಇವರು ನಮ್ಮ ಕರಾವಳಿಯ ಶಿರ್ವದವರು, ದೋಹಾದ ಹೊರಗಿನ ಮೆಸಯೀದ್‌ನ ಪ್ಲಾಂಟಿನಲ್ಲಿ ಫೋರ್‌ಮನ್. ನನ್ನ ಗಂಡ ಜಯಕರನೂ ಅಲ್ಲೇ ಆಪರೇಟರ್. ಪೊರ್ಬುಗಳು ಇಪ್ಪತ್ತೇಳು ವರ್ಷದಿಂದ ಕಂಪೆನಿ ಕೊಟ್ಟ ಕೋಣೆಯಲ್ಲಿ ಒಬ್ಬರೇ ಇದ್ದವರು. ಇಲ್ಲಿ ಶುಕ್ರವಾರವೇ ಭಾನುವಾರ. ಬೆಳಿಗ್ಗೆ ನಮ್ಮ ಮನೆ ಹತ್ತಿರದ ಚರ್ಚಿನಲ್ಲಿ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಕುಚ್ಚಲಕ್ಕಿ ಅನ್ನ, ಮೀನುಸಾರು ಉಂಡು, ಸೋಫಾದಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರು. ರಾತ್ರಿ ಎಂಟರ ಬಸ್ಸಿಗೆ ಮೆಸಯೀದ್‌ಗೆ ವಾಪಸ್.

ಆದರೆ ಆ ಡಿಸೆಂಬರಿನಲ್ಲಿ ಅವರು ಬಂದದ್ದು ಊಟಕ್ಕಿಂತ ಹೆಚ್ಚಾಗಿ ಒಂದು ಸಿನೆಮಾಕ್ಕೆ. ನಮ್ಮ ಡಿಶ್‌ಗೆ ಸಿಗುತ್ತಿದ್ದ ಒಂದು ಇಂಗ್ಲಿಷ್ ಚಾನೆಲ್‌ನಲ್ಲಿ, ಪ್ರತಿ ಶುಕ್ರವಾರ ಸಂಜೆ ಐದಕ್ಕೆ, ಅದೇ ಒಂದು ಕ್ರಿಸ್ಮಸ್ ಸಿನೆಮಾ ಹಾಕುತ್ತಿದ್ದರು. ನನಗೆ ಆ ಸಿನೆಮಾ ಹಿಡಿಸಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತೆಗೆದದ್ದು ಈಗಿನವರು, ಅದೂ ಟಿವಿಗೆಂದೇ. ಆದರೆ ಎಲ್ಲ ಹಳೇ ಹಾಲಿವುಡ್ಡಿನ ಠೀವಿ. ನಾಯಕಿಗೆ ಮೊಣಕೈವರೆಗಿನ ಕೈಗವಸು, ಬಲೆ ಇಳಿಬಿಟ್ಟ ಟೋಪಿ. ಅವಳ ಮುಖ ಬಂದಾಗೆಲ್ಲ ಬೆಳಕು ಮಂಜುಮಂಜಾಗುತ್ತಿತ್ತು. ಅವಳು ಹಿಮ ಬೀಳುವ ಒಂದು ಸಣ್ಣ ಊರಿನಲ್ಲಿ ಅಪ್ಪ ಬಿಟ್ಟುಹೋದ ಹಳೇ ಟಾಕೀಸು ನಡೆಸುತ್ತಾಳೆ. ದೊಡ್ಡ ಪಟ್ಟಣದಿಂದ ಒಬ್ಬ ಅದನ್ನು ಕೊಂಡು ಕೆಡವಲು ಬರುತ್ತಾನೆ. ಬಂದವನು ಮೆಟ್ಟಿಲ ಮೇಲೆ ಕುಣಿಯುತ್ತಾನೆ, ಪ್ರೊಜೆಕ್ಟರ್ ರಿಪೇರಿ ಮಾಡುತ್ತಾನೆ, ಅವಳನ್ನು ಪ್ರೀತಿಸುತ್ತಾನೆ. ಕ್ರಿಸ್ಮಸ್ ಹಿಂದಿನ ಸಂಜೆ ಪಟ್ಟಣಕ್ಕೆ ಮರಳುವ ರೈಲು ಬಂದು ನಿಲ್ಲುತ್ತದೆ. ಪೆಟ್ಟಿಗೆಯನ್ನು ರೈಲಿಗೆ ಹಾಕಿದವನು ತಾನು ಹತ್ತುವುದಿಲ್ಲ. ಪೆಟ್ಟಿಗೆ ಹೋಗುತ್ತದೆ, ಅವನು ಉಳಿಯುತ್ತಾನೆ. ಬ್ಯಾಂಡ್ ಬಾರಿಸುತ್ತದೆ, ಮುಗಿಯಿತು.

ಪೊರ್ಬುಗಳು ಅದನ್ನು ನೋಡುತ್ತಿದ್ದದ್ದು ತಮಗಾಗಿ ಅಲ್ಲ. ಊರಿನಲ್ಲಿದ್ದ ಅವರ ಹೆಂಡತಿ ಲಿಲ್ಲಿ ಬಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾಗುತ್ತಾ ಬಂದು, ಹಿಂದಿನ ವರ್ಷ ಪೂರ್ತಿ ಹೋಗಿತ್ತು. ಮದುವೆಗೆ ಮೊದಲು ಇಬ್ಬರೂ ಮುಂಬೈಯಲ್ಲಿದ್ದವರು. ಅವರು ಒಂದು ವರ್ಕ್‌ಶಾಪಿನಲ್ಲಿ, ಬಾಯಿ ಅಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಭಾನುವಾರ ಪೂಜೆ ಮುಗಿದ ಮೇಲೆ ಹಳೇ ಇಂಗ್ಲಿಷ್ ಸಿನೆಮಾಗಳ ಬೆಳಗಿನ ಆಟಕ್ಕೆ ಹೋಗುತ್ತಿದ್ದರಂತೆ. ಪೊರ್ಬುಗಳಿಗೆ ಆಗ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಬಾಯಿ ಕತ್ತಲಲ್ಲಿ ಕಿವಿಯ ಹತ್ತಿರ ಬಾಗಿ ಇಡೀ ಕಥೆಯನ್ನು ಕೊಂಕಣಿಯಲ್ಲಿ ಪಿಸುಗುಟ್ಟುತ್ತಿದ್ದರು. ಈಗ ಹೇಳುವ ಸರದಿ ಇವರದಾಗಿತ್ತು.

ಟಿವಿಗೆಂದೇ ತೆಗೆದ ಸಿನೆಮಾ ಆದ್ದರಿಂದ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಏನಾದರೂ ಒಂದು ಆಗಿ ಕಥೆ ನಿಲ್ಲುತ್ತಿತ್ತು, ಜಾಹೀರಾತು ಬರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಪೊರ್ಬುಗಳು ಫೋನು ಹಚ್ಚುತ್ತಿದ್ದರು. ಊರಿನಲ್ಲಿ ಆಗ ಏಳೂವರೆ ದಾಟಿರುತ್ತಿತ್ತು. ಬಾಯಿಯ ತಂಗಿಯ ಮಗಳು ಫೋನನ್ನು ಟೇಬಲ್ ಮೇಲೆ ಸ್ಪೀಕರ್‌ಗೆ ಹಾಕಿ ಇಟ್ಟಿರುತ್ತಿದ್ದಳು. ಶಾಂಪೂ, ಕಾರು, ಚಾಕೊಲೇಟ್ ಮುಗಿಯುವುದರೊಳಗೆ ಆದದ್ದನ್ನೆಲ್ಲ ಹೇಳಬೇಕು. ಹೇಳುತ್ತಿದ್ದರು ಕೂಡ. ಪ್ಲಾಂಟಿನಲ್ಲಿ ಮಾತೇ ಆಡದ ಮನುಷ್ಯ ಎಂದು ಜಯಕರ ಹೇಳುತ್ತಿದ್ದ. ನಮ್ಮ ಸೋಫಾದ ತುದಿಯಲ್ಲಿ ಕುಳಿತು ಅವರು ಹಿಮ ಹೇಗೆ ಬೀಳುತ್ತಿದೆ, ಕೈಗವಸಿನ ಗುಂಡಿ ಎಷ್ಟು, ಅವಳು ಮೆಟ್ಟಿಲು ಇಳಿಯುವಾಗ ಲಂಗವನ್ನು ಯಾವ ಕೈಯಲ್ಲಿ ಎತ್ತಿಕೊಂಡಳು ಎಂಬುದನ್ನೂ ಬಿಡುತ್ತಿರಲಿಲ್ಲ. ನನಗೆ ಕೊಂಕಣಿ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ. ಮೊದಲನೇ ಶುಕ್ರವಾರ ಕೊನೆಯ ಬ್ಯಾಂಡ್ ಬಾರಿಸುತ್ತಿರುವಾಗಲೇ ಅವರು ಹೇಳಿದ್ದು ಕೇಳಿ ನಾನು ಚಹಾದ ಲೋಟ ಹಿಡಿದು ನಿಂತುಬಿಟ್ಟೆ. ಅವನು ರೈಲು ಹತ್ತಿದ ಎಂದರು. ಕಿಟಕಿಯಿಂದ ಕೈ ಬೀಸಿದ, ಮುಂದಿನ ಕ್ರಿಸ್ಮಸಿಗೆ ಬರುತ್ತೇನೆ ಎಂದ, ರೈಲಿನ ಹಿಂದಿನ ಕೆಂಪು ದೀಪ ಕಾಣುವಷ್ಟು ಹೊತ್ತು ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು ಎಂದರು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಹೇಗೋ ಒಂದು ವಾರ ತಡೆದುಕೊಂಡೆ. ಎರಡನೇ ಶುಕ್ರವಾರ ಗಾಳಿಗೆ ಡಿಶ್ ತಿರುಗಿ ಚಿತ್ರ ಬರುತ್ತಿರಲಿಲ್ಲ. ಪೊರ್ಬುಗಳು ಸ್ಪ್ಯಾನರ್ ಹಿಡಿದು ಟೆರೇಸ್ ಹತ್ತಿದರು, ನಾನು ಡಿಶ್ಶಿನ ಅಂಚು ಹಿಡಿದು ನಿಂತೆ. ಅಲ್ಲಿ ಕೇಳಿಯೇಬಿಟ್ಟೆ, ಬಾಯಿಗೆ ಯಾಕೆ ಸುಳ್ಳು ಹೇಳಿದಿರಿ ಎಂದು.

ಅವರು ಬೋಲ್ಟು ಬಿಗಿ ಮಾಡುವುದನ್ನು ನಿಲ್ಲಿಸಲಿಲ್ಲ. ಕಂಪೆನಿಯವರು ಇನ್ನೆರಡು ವರ್ಷ ಇರುತ್ತೀರಾ ಎಂದು ಕೇಳಿ ಒಂದು ಫಾರಂ ಕೊಟ್ಟಿದ್ದಾರೆ, ತಿಂಗಳ ಕೊನೆಯೊಳಗೆ ಹೌದು ಅಥವಾ ಇಲ್ಲ ಎಂದು ಬರೆದುಕೊಡಬೇಕು ಎಂದರು. ಬಾಯಿಗೆ ಅವರು ಹೇಳಿದ್ದು ಬೇರೆ: ಕಂಪೆನಿಯೇ ಬಿಡುತ್ತಿಲ್ಲ ಎಂದು. ಮನೆ ಕಟ್ಟಿ ಆಗಿತ್ತು, ಒಬ್ಬಳೇ ಮಗಳ ಮದುವೆ ಆಗಿತ್ತು. ಇಲ್ಲಿ ಇರಲು ಅವರಿಗೆ ಕಾರಣವೇ ಉಳಿದಿರಲಿಲ್ಲ. ಸಿನೆಮಾದವನು ಉಳಿದ ಎಂದು ಹೇಳಿದರೆ, ನೀವು ಯಾಕೆ ಊರಲ್ಲಿ ಉಳಿಯುವುದಿಲ್ಲ ಎಂದು ಅವಳು ಕೇಳುತ್ತಾಳೆ ಎಂದರು. ಕೇಳಲಿ, ಕೇಳಬೇಕಾದದ್ದೇ ಅಲ್ಲವಾ ಎಂದು ನಾನು ಸಿಡುಕಿದೆ. ಅವರು ಸ್ಪ್ಯಾನರ್ ಕೆಳಗಿಟ್ಟರು.

"ನಾನು ವರ್ಷಕ್ಕೆ ಮೂವತ್ತು ದಿನದ ಗಂಡ, ಪ್ರಮೀಳಾ. ಮೂವತ್ತು ದಿನ ಹೇಗೆ ಇರುದು ಅಂತ ನನಗೆ ಗೊತ್ತುಂಟು. ಮೂವತ್ತೊಂದನೇ ದಿನ ಎಂತ ಮಾಡುದು ಅಂತ ಗೊತ್ತಿಲ್ಲ. ಫೋನಲ್ಲಿ ಮಾತಾಡುವಾಗ ಅವಳಿಗೆ ಕಣ್ಣು ಇಲ್ಲದ್ದು ನನಗೆ ಕಾಣುದಿಲ್ಲ. ಅಲ್ಲಿಗೆ ಹೋದ್ರೆ ಅವಳು ಗೋಡೆ ಹಿಡ್ಕೊಂಡು ನಡೆಯುದು ದಿನಾ ನೋಡ್ಬೇಕು. ಖಲಾಸ್, ಬಿಡು."

ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಆ ಸಂಜೆ ಅವರು ಅದೇ ಸುಳ್ಳನ್ನು ಇನ್ನಷ್ಟು ಚೆನ್ನಾಗಿ ಹೇಳಿದರು. ಮೂರನೇ ಶುಕ್ರವಾರ ಅವನು ಕಿಟಕಿಯಿಂದ ಬೀಸಿದ್ದು ಬರೀ ಕೈ ಅಲ್ಲ, ಕರವಸ್ತ್ರ ಎಂದಾಯಿತು. ಆ ದಿನ ನಾನು ಮುಖ ಗಂಟು ಹಾಕಿಕೊಂಡೇ ಬಡಿಸಿದೆ, ಚಹಾಕ್ಕೆ ಸಕ್ಕರೆ ಹಾಕಲೂ ಮರೆತೆ. ಅವರು ಅದನ್ನೇ ಕುಡಿದು ಲೋಟ ತೊಳೆದಿಟ್ಟು ಹೋದರು. ಅವರ ಮನೆಯ ವಿಷಯದಲ್ಲಿ ನಿನಗೆ ಯಾಕೆ ತಲೆಬಿಸಿ ಎಂದು ಜಯಕರ ರೇಗಿದ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಆರು ವರ್ಷ ನಾನೂ ಊರಿನಲ್ಲಿ ಕುಳಿತು ಅವನ ಫೋನಿಗೆ ಕಾದವಳು. ಯಾಕೆ ತಲೆಬಿಸಿ ಎಂದು ಅವನಿಗೆ ಹೇಗೆ ಹೇಳಲಿ?

ಕ್ರಿಸ್ಮಸ್ಸಿಗೆ ಮೊದಲಿನ ಶುಕ್ರವಾರ ಪೊರ್ಬುಗಳು ಬರಲಿಲ್ಲ. ಹಿಂದಿನ ದಿನ ಪ್ಲಾಂಟಿನಲ್ಲಿ ಏನೋ ಕೆಟ್ಟು ಎಲ್ಲ ನಿಂತುಹೋಗಿ, ಜಯಕರನೂ ಸೇರಿ ಎಲ್ಲರನ್ನೂ ಕೆಲಸಕ್ಕೆ ಕರೆದಿದ್ದರು. ನಾಲ್ಕು ಗಂಟೆಗೆ ಪೊರ್ಬುಗಳ ಫೋನು ಬಂತು. ಹಿಂದೆ ಯಂತ್ರದ ಸದ್ದು, ಅವರು ಕೂಗಿಕೊಂಡೇ ಮಾತಾಡಬೇಕಾಯಿತು. ಲಿಲ್ಲಿ ಕಾಯುತ್ತಾಳೆ, ಈ ಸಲ ನೀನು ಹೇಳು, ಅವಳಿಗೆ ಕನ್ನಡದಲ್ಲಿ ಹೇಳಿದರೂ ಖುಷಿಯೇ ಎಂದರು. ಕೊನೆ ಮಾತ್ರ ನಾನು ಹೇಳಿದ ಹಾಗೆ ಹೇಳು ಎಂದರು. ಮತ್ತೊಮ್ಮೆ ಕೇಳಿದರು. ಆಯಿತು ಎಂದೆ.

ನನಗೆ ಅವರ ಹಾಗೆ ಹೇಳಲು ಎಲ್ಲಿ ಬರುತ್ತದೆ. ಮೊದಲ ಜಾಹೀರಾತಿನಲ್ಲಿ ಎರಡೇ ವಾಕ್ಯದಲ್ಲಿ ಮುಗಿಸಿದೆ, ಹುಡುಗ ಬಂದ, ಹುಡುಗಿಗೆ ಸಿಟ್ಟು ಬಂತು ಎಂದು. ಬಾಯಿ ನಕ್ಕರು. ಟೀಚರ್ ಆಗಿದ್ದವರು, ತಪ್ಪು ತಿದ್ದುವ ಅಭ್ಯಾಸ ಹೋಗಿರಲಿಲ್ಲ. ಕೈಗವಸಿನ ಬಣ್ಣ ಹೇಳಲಿಲ್ಲ, ಹಿಮ ಬೀಳ್ತಾ ಉಂಟಾ ನಿಂತಿದೆಯಾ ಹೇಳಲಿಲ್ಲ ಎಂದು ಒಂದೊಂದಾಗಿ ಕೇಳಿದರು. ಎರಡನೇ ಜಾಹೀರಾತಿಗೆ ನಾನು ಸ್ವಲ್ಪ ಸುಧಾರಿಸಿದೆ. ಮೂರನೆಯದಕ್ಕೆ ನನಗೇ ಗೊತ್ತಿಲ್ಲದೆ ಅವಳ ಟೋಪಿಯ ಬಲೆಯಲ್ಲಿ ಸಿಕ್ಕಿಕೊಂಡ ಹಿಮದ ಚೂರನ್ನು ನೋಡಿಟ್ಟುಕೊಂಡು ಹೇಳಿದೆ. ಹಿಡಿಸದ ಸಿನೆಮಾವನ್ನು ಅಷ್ಟು ಕಣ್ಣಿಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಹಾಗೆ ನೋಡಿದ್ದಕ್ಕೋ ಏನೋ, ರೈಲು ಬಂದು ನಿಂತಾಗ ನನ್ನ ಕಣ್ಣಲ್ಲೂ ನೀರು ಬಂತು. ಅವನು ಪೆಟ್ಟಿಗೆ ಒಳಗಿಟ್ಟು ಕೆಳಗಿಳಿದ, ರೈಲು ಹೋಯಿತು, ಬ್ಯಾಂಡ್ ಶುರುವಾಯಿತು. ನಾನು ಫೋನು ಹಚ್ಚಿದೆ. ರಿಮೋಟ್ ಎತ್ತಿಕೊಂಡು ಟಿವಿಯ ಸದ್ದು ಇಳಿಸತೊಡಗಿದೆ.

"ಟಿವಿ ಸಣ್ಣ ಮಾಡ್ಬೇಡ ಪ್ರಮೀಳಾ, ಹಾಗೇ ಇರ್ಲಿ," ಎಂದರು ಲಿಲ್ಲಿ ಬಾಯಿ. ಪೂರ್ತಿ ಬ್ಯಾಂಡ್ ಕೇಳಿದರು. ಆಮೇಲೆ ತರಗತಿಯಲ್ಲಿ ಲೆಕ್ಕ ಕೇಳುವವರ ಹಾಗೆ ನಿಧಾನವಾಗಿ ಕೇಳಿದರು, "ರೈಲು ಹತ್ತಿ ಹೋದವನಿಗೆ ಇಷ್ಟು ಸಂತೋಷದ ಬ್ಯಾಂಡ್ ಬಾರಿಸುದುಂಟಾ? ಅವನು ಹೋಗುದಿಲ್ಲ ಅಲ್ವಾ?"

ಪೊರ್ಬುಗಳಿಗೆ ಕೊಟ್ಟ ಮಾತು ನೆನಪಿತ್ತು. ಕಣ್ಣಿಲ್ಲದವರಿಗೆ ಕಂಡದ್ದನ್ನು ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

"ಇಲ್ಲ ಬಾಯಿ. ಹೋಗುದಿಲ್ಲ. ಪೆಟ್ಟಿಗೆ ಮಾತ್ರ ಹೋಗ್ತದೆ."

ತಮಗೆ ಮೊದಲ ಶುಕ್ರವಾರವೇ ಅನುಮಾನ ಬಂದಿತ್ತು ಎಂದರು ಬಾಯಿ. ಕಂಪೆನಿ ಬಿಡುತ್ತಿಲ್ಲ ಎಂಬುದೂ ಹಾಗೆಯೇ ಇರಬೇಕು ಎಂದರು. ಇವರಿಗೆ ಹೇಳಬೇಡ, ಗೊತ್ತಾದರೆ ನಾಚಿಕೆಪಡುತ್ತಾರೆ, ಆಮೇಲೆ ಸಿನೆಮಾ ಹೇಳುವುದನ್ನೂ ಬಿಟ್ಟುಬಿಡುತ್ತಾರೆ ಎಂದರು. ಅದಕ್ಕೂ ಆಯಿತು ಎಂದೆ.

ಮರುದಿನ ಸಂಜೆ ಪೊರ್ಬುಗಳು ಮೆಸಯೀದ್‌ನಿಂದ ನೇರವಾಗಿ ಬಂದರು. ಎರಡು ದಿನದ ನಿದ್ದೆಗೆಟ್ಟ ಮುಖ, ಉಗುರಿನ ಸಂದಿಯಲ್ಲಿ ಗ್ರೀಸ್. ಅವರಿಗೊಂದು ಡಬ್ಬ ಕಾದಿತ್ತು. ಬಾಯಿ ಪ್ರತಿ ವರ್ಷ ಕುಸ್ವಾರ್, ಎಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡಿ ಊರಿನಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಊರಿಗೆ ಹೋಗಿ ಬಂದಿದ್ದ, ಇಲ್ಲಿಯ ಅಲ್ ಹಿಲಾಲ್ ಬಡಾವಣೆಯ ಒಂದು ಸಂಸಾರ ಅದನ್ನು ಆ ಬೆಳಿಗ್ಗೆ ನಮ್ಮಲ್ಲಿ ಕೊಟ್ಟುಹೋಗಿತ್ತು. ಪೊರ್ಬುಗಳು ಮುಚ್ಚಳ ತೆರೆದರು. ಮೇಲೆ ನೆವ್ರಿಗಳು, ಹುರಿದ ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿ ಕರಿದ ಕರ್ಜಿಕಾಯಿಗಳು. ಇಡೀ ಕೋಣೆಗೆ ಎಳ್ಳಿನ ಪರಿಮಳ ಬಂತು.

ಒಂದನ್ನು ಕೈಗೆತ್ತಿಕೊಂಡವರು ತಿನ್ನಲಿಲ್ಲ. ಅಂಚನ್ನೇ ನೋಡುತ್ತಾ ಕುಳಿತರು. ಲಿಲ್ಲಿ ಬಾಯಿಯ ಹತ್ತಿರ ಅವರ ಅಮ್ಮನ ಕಾಲದ ಹಿತ್ತಾಳೆಯ ಚಕ್ರ ಇತ್ತಂತೆ, ಅಂಚನ್ನು ಅಲೆಅಲೆಯಾಗಿ ಕತ್ತರಿಸುವುದು. ಈ ಸಲ ಚಕ್ರ ಉರುಳಿಸಿರಲಿಲ್ಲ. ಕಾಣದ ಕೈ ಅಂಚನ್ನು ತಡವಿ ತಡವಿ ಬೆರಳಿನಿಂದ ಒತ್ತಿತ್ತು. ಬೆರಳ ಗುರುತು ಒಂದರ ಪಕ್ಕ ಒಂದು, ಒಂದು ಸಣ್ಣ, ಒಂದು ದೊಡ್ಡ. ಪೊರ್ಬುಗಳು ಡಬ್ಬದಿಂದ ಒಂದೊಂದೇ ನೆವ್ರಿ ತೆಗೆದು ತಟ್ಟೆಯ ಮೇಲೆ ಇಡುತ್ತಾ ಹೋದರು. ಒಂದರ ಅಂಚೂ ಬಿಟ್ಟುಕೊಂಡಿರಲಿಲ್ಲ.

ಆಗ ನಾನು ಎರಡನೇ ಮಾತನ್ನೂ ಮುರಿದೆ. ಬಾಯಿಗೆ ಗೊತ್ತುಂಟು ಎಂದೆ. ಬ್ಯಾಂಡಿನ ವಿಷಯ ಹೇಳಿದೆ, ಪೆಟ್ಟಿಗೆಯ ವಿಷಯ ಹೇಳಿದೆ, ಬೇಕಾದರೆ ನನಗೆ ಬೈಯಿರಿ ಎಂದೂ ಹೇಳಿದೆ.

"ಯಾವಾಗಿಂದ ಗೊತ್ತು ಅಂತೆ?"

"ಮೊದಲ ಶುಕ್ರವಾರದಿಂದ."

ಅವರು ಬೈಯಲಿಲ್ಲ. ಕೈಯಲ್ಲಿದ್ದ ನೆವ್ರಿಯನ್ನು ಪೂರ್ತಿ ತಿಂದರು, ಅಂಗೈಗೆ ಉದುರಿದ ಎಳ್ಳನ್ನೂ ಬಿಡಲಿಲ್ಲ. ಉಳಿದದ್ದನ್ನು ಡಬ್ಬಕ್ಕೆ ತುಂಬಿ, ನಮಗೆ ಒಂದು ತಟ್ಟೆ ಬಿಟ್ಟು, ಎಂಟರ ಬಸ್ಸಿಗೆ ಹೊರಟರು. ನಾನು ಮಾಡಿದ್ದು ಸರಿಯೋ ತಪ್ಪೋ, ಯಾರನ್ನು ಕೇಳಲಿ? ಕ್ರಿಸ್ಮಸ್ ದಿನ ಇಲ್ಲಿ ರಜೆ ಇಲ್ಲ. ಆ ದಿನ ಡ್ಯೂಟಿ ಮುಗಿಸಿ ಬಂದ ಜಯಕರ ಶೂ ಬಿಚ್ಚುತ್ತಾ ಹೇಳಿದ, ಪೊರ್ಬುಗಳು ಫಾರಂ ಕೊಟ್ಟುಬಿಟ್ಟರು, ಇಲ್ಲ ಎಂದು ಬರೆದು. ನಾನು ದೇವರ ಪಟದ ಮುಂದೆ ಹೋಗಿ ನಿಂತೆ, ಆದರೆ ಏನು ಕೇಳಬೇಕೆಂದು ಗೊತ್ತಾಗಲಿಲ್ಲ.

ಫೆಬ್ರುವರಿಯಲ್ಲಿ ಅವರು ಹೊರಟರು. ಹೊರಡುವ ಮೊದಲು ನಮ್ಮ ಮನೆಗೆ ಬಂದು ಆ ಸ್ಪ್ಯಾನರ್ ಕೊಟ್ಟು, ಗಾಳಿಗೆ ಡಿಶ್ ತಿರುಗಿದರೆ ಇದು ಬೇಕಾಗುತ್ತದೆ ಎಂದರು. ವಿಮಾನ ನಿಲ್ದಾಣದಲ್ಲಿ ಅವರಿಗೆ ಹೆದರಿಕೆ ಇದ್ದದ್ದು ಎದ್ದು ಕಾಣುತ್ತಿತ್ತು; ಪಾಸ್‌ಪೋರ್ಟ್ ಇದೆಯಾ ಎಂದು ಜೇಬನ್ನು ನಾಲ್ಕು ಸಲ ಮುಟ್ಟಿ ನೋಡಿಕೊಂಡರು. ಹೋಗಿ ಮೂವತ್ತೊಂದನೇ ದಿನ ನಾನೇ ಲೆಕ್ಕ ಇಟ್ಟು ಫೋನು ಮಾಡಿದೆ, ಇವತ್ತು ಎಂತ ಮಾಡಿದಿರಿ ಎಂದು ಕೇಳಿದೆ. ಬಂಗುಡೆ ತಂದೆ ಎಂದರು. ತಂದ ಮೀನನ್ನು ತಾವೇ ಕ್ಲೀನ್ ಮಾಡಿದರಂತೆ, ಬಾಯಿ ಪಕ್ಕದಲ್ಲಿ ಕುಳಿತು ಕೈಯಿಂದ ಮುಟ್ಟಿ ನೋಡಿ, ಸರಿಯಾಗಲಿಲ್ಲ ಎಂದು ತಿದ್ದಿದರಂತೆ. ಆಮೇಲೆ ನಾನು ಲೆಕ್ಕ ಇಡುವುದನ್ನು ಬಿಟ್ಟೆ.

ಇಬ್ಬರೂ ಒಟ್ಟಿಗೆ ಮೂರು ಕ್ರಿಸ್ಮಸ್ ಕಂಡರು. ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಪೊರ್ಬುಗಳಿಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಬಂದ ದಿನ ಜಯಕರ ಊಟ ಮಾಡಲಿಲ್ಲ. ನಾನು ಬಾಯಿಗೆ ಫೋನು ಮಾಡಿದೆ, ಇಬ್ಬರೂ ಅತ್ತೆವು.

ಮೊನ್ನೆ ಶುಕ್ರವಾರ ಸಂಜೆ ಐದಕ್ಕೆ ಬಾಯಿಯೇ ಫೋನು ಮಾಡಿದರು. ನಾವೀಗ ಅಲ್ ಹಿಲಾಲ್‌ನ ಫ್ಲ್ಯಾಟಿನಲ್ಲಿದ್ದೇವೆ, ಡಿಶ್ ಇಲ್ಲ, ಟಿವಿಯಲ್ಲಿ ಬೇಕಾದ ಸಿನೆಮಾ ಬೇಕಾದಾಗ ಸಿಗುತ್ತದೆ. ಆ ಸಿನೆಮಾ ಬರುತ್ತದಾ ಎಂದು ಕೇಳಿದರು. ಹುಡುಕಿ ಹಾಕಿದೆ. ಈಗ ಜಾಹೀರಾತು ಇಲ್ಲ. ಹತ್ತು ನಿಮಿಷಕ್ಕೊಮ್ಮೆ ನಾನೇ ನಿಲ್ಲಿಸಿ ಹೇಳಿದೆ. ಕೈಗವಸಿನ ಬಣ್ಣ ಅವರು ಕೇಳುವ ಮೊದಲೇ ಹೇಳಿದೆ. ಮೆಟ್ಟಿಲು, ಲಂಗ, ಟೋಪಿಯ ಬಲೆಯಲ್ಲಿ ಸಿಕ್ಕಿದ ಹಿಮ, ಯಾವುದನ್ನೂ ಬಿಡಲಿಲ್ಲ. ಬಾಯಿ ಹೂಂ, ಹೂಂ ಎನ್ನುತ್ತಾ ಕೇಳಿದರು. ಕೊನೆಗೆ ಪ್ಲಾಟ್‌ಫಾರ್ಮಿಗೆ ರೈಲು ಬಂತು ಎಂದೆ. ಅವನು ಪೆಟ್ಟಿಗೆ ಎತ್ತಿಕೊಂಡ ಎಂದೆ.

"ಪ್ರಮೀಳಾ," ಎಂದರು ಬಾಯಿ, "ಈ ಸಲ ಅವನನ್ನು ರೈಲು ಹತ್ತಿಸು."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ರಿಮೋಟ್ ತೆಗೆದುಕೊಂಡು ಟಿವಿಯ ಸದ್ದನ್ನು ಪೂರ್ತಿ ಇಳಿಸಿದೆ, ಬ್ಯಾಂಡ್ ಅವರಿಗೆ ಕೇಳಬಾರದೆಂದು. ಪರದೆಯ ಮೇಲೆ ಅವನು ಹಿಮದಲ್ಲಿ ನಿಂತೇ ಇದ್ದ. ಅವನು ಹತ್ತಿದ, ಬಾಯಿ, ಎಂದೆ. ಕಿಟಕಿಯ ಹತ್ತಿರ ಕುಳಿತ. ಮುಂದಿನ ಕ್ರಿಸ್ಮಸಿಗೆ ಬರುತ್ತೇನೆ ಎಂದ. ರೈಲು ಹೊರಟಿತು, ಕೆಂಪು ದೀಪ ಕಾಣುವಷ್ಟು ಹೊತ್ತು ಅವಳು ಅಲ್ಲೇ ನಿಂತಿದ್ದಾಳೆ.

"ಕರವಸ್ತ್ರ ಬೀಸಿದನಾ?"

"ಬೀಸಿದ ಬಾಯಿ. ಈಗಲೂ ಬೀಸ್ತಾ ಇದ್ದಾನೆ."